ಕುರುಗೋಡಿನಲ್ಲಿ ಇಪ್ಪತ್ತೆರಡು ನಿಮಿಷ

ಈ ಒಂದು ದಿನದ ಪ್ರಯಾಣಕ್ಕೆ ನನಗೆ ಒಂಬತ್ತು ಸಾವಿರದ ನಾನೂರು ರೂಪಾಯಿ ಖರ್ಚಾಯಿತು. ಸೌಂಡ್ ಸೆಟ್ಟಿಗೆ ಐದೂವರೆ ಸಾವಿರ, ಕುರುಗೋಡಿನ ಸಮುದಾಯ ಭವನಕ್ಕೆ ಎರಡೂವರೆ ಸಾವಿರ, ಮಿಕ್ಕದ್ದು ಬಸ್ಸು, ಊಟ, ಕೇಳಲು ಬಂದವರಿಗೆ ಮಿರ್ಚಿ ಭಜಿ, ಚಹಾ. ಬಳ್ಳಾರಿಯಲ್ಲೇ ಮಾಡಿದ್ದರೆ ಬರೀ ಹಾಲ್‌ಗೇ ಇಷ್ಟು ಬೀಳುತ್ತಿತ್ತು.

ಖರ್ಚು ಮಾಡಲೇಬೇಕಾಗಿತ್ತು. ಪುಣೆಯ ಒಂದು ಸಂಗೀತ ಉತ್ಸವದವರು ನನ್ನ ಆಲ್ಬಂ ಮೆಚ್ಚಿ ಪತ್ರ ಬರೆದಿದ್ದರು. ಜನರ ಮುಂದೆ ಒಬ್ಬನೇ ನುಡಿಸಿದ, ಎಲ್ಲೂ ಕತ್ತರಿಸದ ವಿಡಿಯೊ ಸೋಮವಾರದೊಳಗೆ ತಲುಪಿದರೆ ಮಾತ್ರ ವೇದಿಕೆ ಎಂದಿದ್ದರು. ಹಗಲಲ್ಲಿ ನಾನು ಜೀನ್ಸ್ ಹೊಲಿಯುವವರಿಗೆ ಗುಂಡಿ, ಜಿಪ್ಪು ಪೂರೈಸುತ್ತೇನೆ. ಉಳಿದ ಹೊತ್ತಿನಲ್ಲಿ ಹದಿನಾಲ್ಕು ವರ್ಷಗಳಿಂದ ಎಲೆಕ್ಟ್ರಾನಿಕ್ ಮತ್ತು ಪ್ರೋಗ್ರೆಸಿವ್ ರಾಕ್ ಸಂಗೀತ ಮಾಡುತ್ತಿದ್ದೇನೆ. ಉದ್ದುದ್ದ ರಚನೆ, ನಡುವೆ ಬದಲಾಗುವ ತಾಳ, ಹಾಡುವವರು ಯಾರೂ ಇಲ್ಲ. ಡ್ರಮ್ಸಿನಿಂದ ಗಿಟಾರಿನ ತನಕ ಎಲ್ಲವೂ ನಾನೇ. ಆರು ಆಲ್ಬಂ ಹೊರಗೆ ಬಂದಿದ್ದರೂ ವೇದಿಕೆ ಒಮ್ಮೆಯೂ ಹತ್ತಿರಲಿಲ್ಲ. ನಲವತ್ತೆರಡು ದಾಟಿದವನನ್ನು ಮತ್ತೊಮ್ಮೆ ಯಾರಾದರೂ ಕರೆಯುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ.

ಶನಿವಾರ ಬೆಳಿಗ್ಗೆ ಆರಕ್ಕೆ ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆ. ಕಂಡಕ್ಟರು ಗಿಟಾರಿಗೂ ಟಿಕೆಟ್ ಆಗುತ್ತದೆ ಎಂದರು. ತೊಡೆಯ ಮೇಲೆ ಇಟ್ಟುಕೊಂಡರೆ ಅದು ಮಗುವಿನ ಲೆಕ್ಕ ಎಂದು ವಾದಿಸಿ ಉಳಿಸಿಕೊಂಡೆ. ಐವತ್ತೈದು ಕಿಲೋಮೀಟರು ಅದರ ಕುತ್ತಿಗೆ ನನ್ನ ಗದ್ದಕ್ಕೆ ಬಡಿಯುತ್ತಿತ್ತು. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ನೀರು ನಿಂತ ಭತ್ತದ ಗದ್ದೆ, ಕಿಟಕಿಯಲ್ಲಿ ತಂಪು ಗಾಳಿ.

ಸೌಂಡ್ ಸೆಟ್ಟಿನ ಮಹಬೂಬ್ ಚಾಚಾ ಸಿರುಗುಪ್ಪದವರು. ನಲವತ್ತು ವರ್ಷಗಳಿಂದ ಮದುವೆ, ಉರುಸು, ಜಾತ್ರೆಗಳಿಗೆಲ್ಲ ಮೈಕ್ ಕಟ್ಟಿದವರು. ಎದುರಿನವರನ್ನು ನೋಡಿ ಕನ್ನಡ, ತೆಲುಗು, ಉರ್ದು ಬದಲಾಯಿಸುತ್ತಾರೆ. ಏಳೂವರೆ ಸಾವಿರ ಹೇಳಿದ್ದನ್ನು ನಾನು ಫೋನಿನಲ್ಲೇ ಐದೂವರೆಗೆ ಇಳಿಸಿದ್ದೆ. ಹಾಗೆ ಇಳಿಸಿದಾಗ ಹರಿದ ಸ್ಪೀಕರು ಕಳಿಸುವವರಿದ್ದಾರೆ, ಅದಕ್ಕೇ ಖುದ್ದು ಹೋಗಿದ್ದು. ಒಂದೊಂದೇ ಬಾಕ್ಸಿಗೆ ಕಿವಿ ಹಚ್ಚಿ ಕೇಳಿದೆ, ಒಂದನ್ನು ಬದಲಾಯಿಸಲು ಹೇಳಿದೆ.

“ಕನ್ಯಾ ನೋಡಾಕ ಬಂದೋರು ಸೈತ ಇಷ್ಟು ತಿರುವಿ ನೋಡಂಗಿಲ್ರಿ ಶೇಖರಪ್ಪ,” ಎಂದರು. ಬಾಕ್ಸ್ ಮಾತ್ರ ಬದಲಾಯಿಸಿದರು.

ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ ತಿಂದು, ಸಾಮಾನಿನ ಆಟೋದಲ್ಲಿ ಕುರುಗೋಡಿಗೆ ಹೊರಟೆವು. ಚಾಚಾ ತಾವೇ ಓಡಿಸಿದರು. ಗದ್ದೆಗಳು ಹಿಂದಾಗಿ ಬಂಡೆಗುಡ್ಡಗಳು ಎದುರಾದಾಗ ಹತ್ತೂವರೆ. ಆಗಲೇ ಡ್ಯಾಶ್‌ಬೋರ್ಡು ಮುಟ್ಟಲಾಗದಷ್ಟು ಕಾದಿತ್ತು. ಹಾಡುವವರು ಯಾರೆಂದು ಕೇಳಿದರು. ಯಾರೂ ಇಲ್ಲ ಎಂದೆ.

“ಮತ್ತ ಮಂದಿ ಯಾತಕ್ಕ ಬರ್ತಾರ?”

“ಮಿರ್ಚಿಗೆ.”

ಅವರು ಮುಂದಿದ್ದ ಎತ್ತಿನ ಗಾಡಿಯನ್ನು ದಾಟಿದರು. ಆಮೇಲೆ, ಹಾಗಾದರೆ ಮಿರ್ಚಿಯನ್ನು ಕಡೆಗೆ ಕೊಡಿರಿ, ಮೊದಲೇ ಕೊಟ್ಟರೆ ತಿಂದು ಹೋಗುತ್ತಾರೆ ಎಂದರು. ಆ ಸಲಹೆಗೆ ಅವರು ದುಡ್ಡು ಕೇಳಲಿಲ್ಲ.

ಭವನ ನೋಡಿಕೊಳ್ಳುವ ಗಂಗಮ್ಮ ಬೀಗ ತೆಗೆದು ಫ್ಯಾನು ಹಾಕಿದರು. ಕಾರ್ಯಕ್ರಮ ನಾಲ್ಕಕ್ಕೆ. ಹನ್ನೆರಡೂವರೆಗೆ ಎಲ್ಲ ಜೋಡಿಸಿ ನನ್ನ ಲ್ಯಾಪ್‌ಟಾಪಿನಿಂದ ರಚನೆ ಹಾಕಿದೆವು; ಅದರ ಮೇಲೆ ನಾನು ಕೈಯಾರೆ ನುಡಿಸಬೇಕಿದ್ದದ್ದು ಗಿಟಾರಿನ ಸಣ್ಣ ಪಾಲು ಮಾತ್ರ. ಡ್ರಮ್ಸು ಕೇಳಿತು, ಬೇಸು ಕೇಳಿತು. ಇಡೀ ರಚನೆಯನ್ನು ಹೊತ್ತು ನಡೆಸುವ ಮುಖ್ಯ ರಾಗ ಮಾತ್ರ ಇಲ್ಲವೇ ಇಲ್ಲ. ವಯರು ಬದಲಾಯಿಸಿದೆವು, ಪಿನ್ನು ಒರೆಸಿದೆವು. ಹೆಡ್‌ಫೋನಿನಲ್ಲಿ ಕೇಳಿದರೆ ಇದೆ, ಹಾಲ್‌ನಲ್ಲಿ ಇಲ್ಲ.

ಎಡ, ಬಲದ ಸದ್ದು ಎರಡನ್ನೂ ಸೇರಿಸಿ ಒಂದೇ ಮಾಡಿದ್ದೀರಾ ಎಂದು ಚಾಚಾರನ್ನು ಕೇಳಿದೆ.

“ಮತ್ತ? ಎಡಕ ಕುಂತೋರಿಗೆ ಮಂತ್ರ, ಬಲಕ ಕುಂತೋರಿಗೆ ವಾಲಗ ಕೇಳಿಸಿದ್ರ ಬೀಗರು ನನ್ನ ಬಿಡ್ತಾರನ್ರಿ? ನನ್ನ ಸೆಟ್ಟು ಮೊದಲಿಂದನೂ ಹಿಂಗ.”

ತಪ್ಪು ಅವರದಲ್ಲ. ಆ ರಾಗ ಅಗಲವಾಗಿ ಕೇಳಲಿ ಎಂದು ನಾನು ಬಲಗಡೆಯ ಅಲೆಯನ್ನು ಉಲ್ಟಾ ಮಾಡಿದ್ದೆ. ಎರಡು ಕಿವಿಗೆ ಬೇರೆ ಬೇರೆ ಹೋದರೆ ಸೊಗಸು. ಒಂದೇ ತಂತಿಯಲ್ಲಿ ಸೇರಿದರೆ ಒಂದನ್ನೊಂದು ನುಂಗಿಬಿಡುತ್ತವೆ. ಹದಿನಾಲ್ಕು ವರ್ಷ ಹೆಡ್‌ಫೋನಿನಲ್ಲೇ ಕೆಲಸ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಬರೀ ಎಡಗಡೆಯದನ್ನು ಕೊಟ್ಟರೆ ಡ್ರಮ್ಸಿನ ಅರ್ಧ ಹೋಗುತ್ತಿತ್ತು. ವಾದ್ಯಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದ ಮೂಲ ಫೈಲು ಬಳ್ಳಾರಿಯ ಮನೆಯಲ್ಲಿತ್ತು. ಹೋಗಿ ತಂದು ಸರಿಪಡಿಸುವಷ್ಟು ಸಮಯವಿರಲಿಲ್ಲ.

ಉಳಿದ ದಾರಿ ಒಂದೇ: ರಾಗವನ್ನು ಗಿಟಾರಿನಲ್ಲಿ ಕೈಯಾರೆ ನುಡಿಸುವುದು. ನಿಜ ಹೇಳಬೇಕೆಂದರೆ ಅದನ್ನು ನಾನು ಮೊದಲಿನಿಂದ ಕಡೆಯವರೆಗೆ ಒಮ್ಮೆಯೂ ನುಡಿಸಿರಲಿಲ್ಲ. ನಾಲ್ಕು ನಾಲ್ಕು ಸ್ವರ ಕಂಪ್ಯೂಟರಿಗೆ ತುಂಬಿ ಅಂಟಿಸಿದ್ದೆ. ಒಂದು ಗಂಟೆಗೆ ಕುಳಿತೆ. ಮೂರನೆಯ ಭಾಗದಲ್ಲಿ ತಾಳ ಏಳು ಎಣಿಕೆಯಿಂದ ಐದಕ್ಕೆ ಬದಲಾಗುವಾಗ ಪ್ರತಿ ಸಲವೂ ತಪ್ಪಿದೆ. ಗಂಗಮ್ಮ ತಂದುಕೊಟ್ಟ ರೊಟ್ಟಿ ಹಾಗೇ ಒಣಗಿತು. ಮೂರೂವರೆಗೂ ತಪ್ಪುತ್ತಲೇ ಇತ್ತು.

ಚಾಚಾ ಮಿಕ್ಸರ್ ಬಿಟ್ಟು ಪಕ್ಕಕ್ಕೆ ಬಂದು ಕುಳಿತರು.

“ತಪ್ಪಿದ್ರ ನಿಲ್ಲಬ್ಯಾಡ್ರಿ. ನಿಂತ್ರಿ ಅಂದ್ರ ಕರೆಂಟ್ ಹೋತು ಅಂತ ಮಂದಿ ಎದ್ದು ಹೊಕ್ಕಾರ.”

ನಾಲ್ಕಕ್ಕೆ ನಲವತ್ತು ಜನ ಬಂದರು, ಹೆಚ್ಚಿನವರು ಗಂಗಮ್ಮ ಕರೆತಂದ ಓಣಿಯ ಹೆಂಗಸರು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ರೆಕಾರ್ಡಿಂಗ್ ಒತ್ತಿದೆ. ಮೊದಲೆರಡು ಭಾಗ ದಾಟಿದೆ. ಮೂರನೆಯದರಲ್ಲಿ ಮತ್ತೆ ತಪ್ಪಿದೆ; ಡ್ರಮ್ಸು ನನ್ನನ್ನು ಬಿಟ್ಟು ಮುಂದೆ ಹೋಯಿತು. ಕೈ ತೆಗೆಯಲಿಲ್ಲ. ಒಂದೇ ಸ್ವರವನ್ನು ಹಿಡಿದು ಎಳೆಯುತ್ತಾ ಐದರ ಆವರ್ತನ ಎಣಿಸಿದೆ, ತಿರುಗಿ ಬಂದಾಗ ಹತ್ತಿಕೊಂಡೆ. ಬೆವರು ಕಣ್ಣಿಗಿಳಿದು ತಂತಿಗಳೇ ಕಾಣುತ್ತಿರಲಿಲ್ಲ. ಇಪ್ಪತ್ತೆರಡು ನಿಮಿಷ ಮುಗಿದಾಗ ಇಬ್ಬರು ಮಾತ್ರ ಎದ್ದು ಹೋಗಿದ್ದರು.

ಹೇಗಿತ್ತು ಎಂದು ಗಂಗಮ್ಮನನ್ನು ಕೇಳಿದೆ.

“ನಡುವ ಒಂದೀಟು ಹೆದರಿದ್ರಿ,” ಎಂದರು. “ಆಮ್ಯಾಲ ಹೆದರಲಿಲ್ಲ.”

ಸಂಜೆ ಬಸ್ಸಿನಲ್ಲಿ ಬಳ್ಳಾರಿಗೆ ಮರಳಿ, ಭಾನುವಾರ ಆ ತಪ್ಪಿನ ಸಮೇತ ವಿಡಿಯೊ ಕಳಿಸಿದೆ. ಒಂಬತ್ತನೆಯ ದಿನ ಉತ್ತರ ಬಂತು: ಬನ್ನಿ, ಆದರೆ ಹದಿನೈದೇ ನಿಮಿಷ. ಪೂರಾ ಇಪ್ಪತ್ತೆರಡು ಕೊಡಿ ಎಂದು ಬರೆದೆ. ನಾಲ್ಕು ಪತ್ರ ಓಡಾಡಿ ಹತ್ತೊಂಬತ್ತಕ್ಕೆ ನಿಂತಿತು, ಜೊತೆಗೆ ಹೋಗಿಬರುವ ರೈಲು ಚಾರ್ಜು.

ನೀವೂ ಒಬ್ಬರೇ ಕುಳಿತು ಸಂಗೀತ ಮಾಡುವವರಾದರೆ ಕೇಳಿ. ಹಾಲ್‌ಗೆ ಮುಂಗಡ ಕೊಡುವ ಮೊದಲು ನಿಮ್ಮ ರಚನೆಯನ್ನು ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಹಾಕಿ ಅಡುಗೆಮನೆಯಿಂದ ಕೇಳಿ. ಮೂಲ ಫೈಲು ಪೆನ್‌ಡ್ರೈವಿನಲ್ಲಿ ಜೊತೆಗಿರಲಿ. ಸೌಂಡಿನವರ ಜೊತೆ ದರಕ್ಕಾಗಿ ಎಷ್ಟಾದರೂ ಜಗ್ಗಾಡಿ, ಆದರೆ ಅವರು ಸಾಮಾನು ಇಳಿಸಿದ ಮೇಲೆ ಬಾಯಿ ಮುಚ್ಚಿ ಅವರ ಮಾತು ಕೇಳಿ. ಇನ್ನು, ನಿಮ್ಮ ರಾಗವನ್ನು ಈ ವಾರವೇ ಒಂದು ಸಲ ಮೊದಲಿನಿಂದ ಕಡೆಯವರೆಗೆ ಕೈಯಿಂದ ನುಡಿಸಿ ನೋಡಿ, ಬಾಗಿಲು ತೆರೆದಿಟ್ಟುಕೊಂಡು, ಪಕ್ಕದ ಮನೆಯವರಿಗೆ ಕೇಳುವ ಹಾಗೆ.