ಕಡಲು ಹಿಂದೆ ಸರಿಯದ ಕಂತು

ನನ್ನ ಕಥೆಯಲ್ಲಿ ಒಂದು ಬೆಳಿಗ್ಗೆ ಕಡಲು ಹಿಂದೆ ಸರಿಯುತ್ತದೆ, ಮತ್ತೆ ಬರುವುದಿಲ್ಲ. ಬಯಲಾದ ಮರಳಿನ ಮೇಲೆ ಬೇರೆ ಗ್ರಹದ ನೌಕೆಯೊಂದು ಬಿದ್ದಿರುತ್ತದೆ. ಪತ್ರಿಕೆಯೊಂದರಲ್ಲಿ ಅಚ್ಚಾದ ಇದನ್ನು ಓದಿದ ಬೆಂಗಳೂರಿನ ನಿರ್ದೇಶಕರೊಬ್ಬರು ಟಿ.ವಿ.ಗೆ ಒಂದು ಕಂತು ಮಾಡುತ್ತೇನೆಂದು ಕಾಗದ ಬರೆದರು. ಆಗ ನಾನು ಕುಮಟಾದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಎಂಬತ್ತರ ದಶಕ, ಕನ್ನಡದಲ್ಲಿ ಧಾರಾವಾಹಿಗಳೇ ಹೊಸತು, ಇನ್ನು ವಿಜ್ಞಾನದ ಕಥೆಯೆಂದರೆ ಕೇಳಬೇಕೆ! ಆದರೆ ನನಗೆ ಹಿಗ್ಗಾದದ್ದು ಬೇರೆ ಕಾರಣಕ್ಕೆ. ಹೊನ್ನಾವರದಲ್ಲಿ ದೋಣಿ ಇಟ್ಟುಕೊಂಡು ಮೀನು ಹಿಡಿಯುತ್ತಿದ್ದ ನನ್ನ ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಾನು ಬರೆದ ಒಂದು ಸಾಲೂ ಅವನಿಗೆ ಮುಟ್ಟಿರಲಿಲ್ಲ. ಟಿ.ವಿ.ಯಲ್ಲಾದರೆ ನೋಡಬಹುದಲ್ಲ.

ಶರಾವತಿ ಕಡಲು ಸೇರುವಲ್ಲಿ ನೀರಿಳಿದಾಗ ಮೇಲೇಳುವ ಮರಳದಿಬ್ಬವೇ ನಮ್ಮ ಬಯಲಾದ ಕಡಲು. ಕ್ಯಾಮೆರಾ ಬಾಡಿಗೆಗೆ ಸಿಗುವುದು ಮೂರೇ ದಿನ. ಯಾವ ಮೂರು ದಿನ ಎಂದು ಗೊತ್ತುಮಾಡುವ ಕೆಲಸ ನನ್ನದು. ನಾನು ಶಾಲೆಯ ರಜೆ ನೋಡಿ ಹೇಳಿಬಿಟ್ಟೆ. ಅಪ್ಪ ಬೆರಳು ಮಡಚಿ ತಿಥಿ ಎಣಿಸಿದ.

“ಅಷ್ಟಮಿ ಬೀಳ್ತದೆ. ಅಷ್ಟಮಿಗೆ ಬ್ಯಾಡ. ಹುಣ್ಮೆ ಬರ್ಲಿ” ಅಂದ.

ನನಗೆ ಮೈ ಉರಿಯಿತು. ನೆಂಟಸ್ತಿಕೆಗೆ, ಬಾವಿ ತೋಡಲಿಕ್ಕೆ, ಕೊನೆಗೆ ಕ್ಷೌರಕ್ಕೂ ದಿನ ನೋಡುವವರ ನಡುವೆ ಬೆಳೆದು ಸಾಕಾಗಿದ್ದವನು ನಾನು. ಗಗನನೌಕೆ ಇಳಿಯಲಿಕ್ಕೂ ಪಂಚಾಂಗವೇ? ನಿರ್ದೇಶಕರಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಇಬ್ಬರೂ ನಕ್ಕೆವು. ಅಪ್ಪ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮೊದಲ ದಿನ ದಿಬ್ಬ ಏಳಲೇ ಇಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು ಮಧ್ಯಾಹ್ನದವರೆಗೆ ಕಾದೆವು. ಕುಮಟಾದ ಬಡಗಿಯೊಬ್ಬ ಪ್ಲೈವುಡ್ಡಿನಲ್ಲಿ ಮಾಡಿ ಬೆಳ್ಳಿ ಕಾಗದ ಅಂಟಿಸಿದ್ದ ನೌಕೆ ನಮ್ಮ ಕಣ್ಣೆದುರೇ ತೇಲಿಕೊಂಡು ಅಳಿವೆಯ ಕಡೆ ಹೊರಟಿತು. ಅಪ್ಪನೇ ದೋಣಿಯಲ್ಲಿ ಹೋಗಿ ಅದನ್ನು ಕಟ್ಟಿ ಎಳೆದು ತಂದ. ಅಷ್ಟರಲ್ಲಿ ಕಾಗದ ಅರ್ಧ ಕಿತ್ತುಹೋಗಿತ್ತು. ಎರಡನೆಯ ದಿನ ನೀರು ಇನ್ನೂ ಹೆಚ್ಚೇ ಇತ್ತು. ಬೇರೆ ಗ್ರಹದವನ ರಬ್ಬರಿನ ಉಡುಪಿನೊಳಗೆ ಬೆಂದ ನಟ ವಾಂತಿ ಮಾಡಿಕೊಂಡ. ಮಾತು ಮುದ್ರಿಸಹೊರಟಾಗಲೆಲ್ಲ ಯಾವುದಾದರೊಂದು ಬೋಟು ಗುಡುಗುಡು ಅನ್ನುತ್ತ ಬರುವುದೇ. ಕ್ಯಾಮೆರಾದವನಿಗೆ ಮಧ್ಯಾಹ್ನ ಯಾವ ಮೀನಿನ ಸಾರು ಎಂಬುದೊಂದೇ ಚಿಂತೆ. ನಾನು ಎಲ್ಲರ ಮೇಲೂ ಹಾರಾಡಿದೆ.

ಆ ಸಂಜೆ ದಡದಲ್ಲಿ ಕೂತು ತಲೆ ಎತ್ತಿದರೆ, ನೆತ್ತಿಯ ಹತ್ತಿರ ಅರ್ಧ ಚಂದ್ರ. ಸೂರ್ಯನೊಂದು ಕಡೆ, ಚಂದ್ರನೊಂದು ಕಡೆ ಎಳೆಯುವ ಅಷ್ಟಮಿಯ ಹೊತ್ತಿಗೆ ಕಡಲು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಪ್ರತಿ ವರ್ಷ ಕರಿಹಲಗೆಯ ಮೇಲೆ ನಾನೇ ಚಿತ್ರ ಬರೆದು ತೋರಿಸುವ ಪಾಠ ಅದು. ನಿರ್ದೇಶಕರಿಗೆ ಹೇಳಲು ಬಾಯಿ ಬರಲಿಲ್ಲ. ನಾನು ಹೇಡಿಯಾದೆ.

ಮೂರನೆಯ ದಿನ ಹೇಗೋ ಮುಗಿಸಿದರು. ನಾಯಕ ನೀರಲ್ಲೇ ನಿಂತು, “ನೋಡಿ, ಕಡಲು ಬತ್ತಿಹೋಗಿದೆ!” ಎಂದು ಉದ್ಗರಿಸಿದ.

ನಮ್ಮ ಕಡೆ ಆಗಿನ್ನೂ ಟಿ.ವಿ. ಸರಿಯಾಗಿ ಬರುತ್ತಿರಲಿಲ್ಲ. ನಿರ್ದೇಶಕರು ಕಳಿಸಿದ ಕ್ಯಾಸೆಟ್ ಹಿಡಿದು, ಅಪ್ಪನ ಜೊತೆ ಭಟ್ಕಳಕ್ಕೆ ಹೋದೆ. ಅಪ್ಪನಿಂದ ಮೀನು ಕೊಳ್ಳುತ್ತಿದ್ದ ಸಾಹುಕಾರರೊಬ್ಬರ ಮನೆಯಲ್ಲಿ, ಗಲ್ಫಿನಲ್ಲಿದ್ದ ಮಗ ತಂದಿಟ್ಟ ವಿ.ಸಿ.ಆರ್. ಇತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನೌಕೆಗೆ ಕಟ್ಟಿದ ಹಗ್ಗ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಡಲು ಬತ್ತಿದ ಮಾತಿಗೆ ಮನೆಯ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಸಾಹುಕಾರರು ಮಕ್ಕಳನ್ನು ಗದರಿಸಿ, ಬಹಳ ಚೆಂದ ಇದೆ ಎಂದು ನನಗೆ ಚಹಾ ಕೊಟ್ಟರು. ಅದು ಇನ್ನೂ ಕಷ್ಟವಾಯಿತು. ಅಪ್ಪ ನಗಲಿಲ್ಲ, ಕೊನೆಯವರೆಗೂ ಕಣ್ಣು ತೆಗೆಯದೆ ನೋಡಿದ.

ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. ಅಷ್ಟಮಿಗೆ ನೀರು ಇಳಿಯುವುದಿಲ್ಲ ಅಂತ ಬಿಡಿಸಿ ಹೇಳಲಿಕ್ಕೆ ಎಂತ ಆಗಿತ್ತು ಎಂದು ರೇಗಿದೆ. ಅಷ್ಟಾದ ಮೇಲೂ ತಪ್ಪು ಅವನದಾಗಲಿ ಎಂಬ ಆಸೆ ನನಗೆ.

ಅಪ್ಪ ನನ್ನ ಮುಖವನ್ನೇ ನೋಡಿದ. ಅವನಿಗೆ ಹಂಗಿಸಲು ಬರುವುದಿಲ್ಲ. ಅಂದೂ ಹಂಗಿಸಲಿಲ್ಲ.

“ನಿಂಗೆ ಗೊತ್ತಿರ್ತದೆ ಅಂದ್ಕಂಡೆ. ನೀನೇ ಅಲ್ವಾ ಮಕ್ಕಳಿಗೆ ಅದನ್ನ ಕಲಿಸೂದು?”