ನಾನು ಓದದೆ ಬಿಟ್ಟ ಸಾಲು

ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಅಣ್ಣನಿಗೆ ಬೂಟು, ಬ್ಯಾಂಡಿನ ಹುಚ್ಚು. ಮೀಸಲು ಪಡೆಗೆ ಸೇರುತ್ತೇನೆಂದಾಗ ನಮ್ಮ ತಾಯಿ, ಮಾಯ್, ಕೇಳಿದ್ದು ಒಂದೇ ಮಾತು.

"ಸಮುದ್ರ ದಾಟ್ಲಿಕ್ಕೆ ಉಂಟಾ?"

ಹಂಚು ಹೇರಿದ ಮಂಜಿ ಹಡಗಿನಲ್ಲಿ ಬಂದರಿನಿಂದ ಹೊರಟ ಅಪ್ಪ ತಿರುಗಿ ಬಂದಿರಲಿಲ್ಲ.

"ಇಲ್ಲ ಮಾಯ್. ವರ್ಷಕ್ಕೊಮ್ಮೆ ಕವಾಯತು, ಮತ್ತೆ ಮನೆ. ಯುದ್ಧ ಬಂದು ಕರೆದರೂ ಇಂಡಿಯಾದಿಂದ ಹೊರಗೆ ಕಳಿಸ್ಲಿಕ್ಕೆ ಸರ್ಕಾರಕ್ಕೆ ಅಧಿಕಾರ ಇಲ್ಲ. ಕಾನೂನು ಉಂಟು."

"ಎಲ್ಲಿ ಉಂಟು? ತೋರಿಸು. ನಿನ್ನ ಬಾಯಿಯ ಕಾನೂನು ನನಗೆ ಬೇಡ."

ಮರುದಿನ ಅವನು ಅಚ್ಚಾದ ನಿಯಮಗಳ ಹಾಳೆ ತಂದ. ಇಂಗ್ಲಿಷಿನಲ್ಲಿತ್ತು. ಕಾನ್ವೆಂಟಿನಲ್ಲಿ ಕಲಿತ ನಾನೇ ಓದಿ ಹೇಳಬೇಕೆಂದು ಮಾಯ್ ಹಟ ಹಿಡಿದಳು. ಒಲೆಯ ಮುಂದೆ ಕುಳಿತು ಓದಿದೆ: ಈ ಪಡೆಯವರನ್ನು ಇಂಡಿಯಾದ ಗಡಿಯಾಚೆ ಕಳುಹಿಸತಕ್ಕದ್ದಲ್ಲ. ಮುಂದೆ ಇನ್ನೊಂದು ಸಾಲಿತ್ತು: ಸರ್ಕಾರದ ವಿಶೇಷ ಆಜ್ಞೆಯಾದ ಹೊರತು.

ತಲೆಯೆತ್ತಿದೆ. ಅಣ್ಣ ಅವಳ ಬೆನ್ನ ಹಿಂದೆ ನಿಂತು, ನನಗೆ ಕೈಮುಗಿದು ನಗುತ್ತಿದ್ದ.

"ಇಷ್ಟೆಯಾ?" ಎಂದಳು ಮಾಯ್.

"ಇಷ್ಟೇ," ಎಂದೆ. ಯುದ್ಧ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅವಳು ಹಾಳೆಗೆ ಮುತ್ತಿಟ್ಟು ಶಿಲುಬೆಯ ಹಿಂದೆ ಇಟ್ಟಳು.

ಯುದ್ಧ ಬಂತು. ಹಡಗು ಹತ್ತಲು ಆಜ್ಞೆಯಾಗಿದೆ ಎಂದು ಅಣ್ಣನ ಕಾಗದ ಬಂದ ದಿನ ಮಾಯ್ ಅಳಲಿಲ್ಲ. ಇಗರ್ಜಿಯ ಪೂಜೆಗೆ ಉಡುವ ಸೀರೆಯುಟ್ಟು, ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು. "ಏಳು, ವಕೀಲರಲ್ಲಿಗೆ ಹೋಗುವ."

ಅತ್ತಾವರದವರೆಗೂ ನಡೆದೆವು. ಹೇಳಿಬಿಡಬೇಕೆಂದು ದಾರಿಯಲ್ಲಿ ಎಷ್ಟೋ ಸಲ ಬಾಯಿ ತೆರೆದೆ. ಅವಳು ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದಳು.

ವಕೀಲರು ಹಾಳೆಯನ್ನು ಎರಡು ಸಲ ಓದಿದರು. "ಬಾಯಮ್ಮ, ಇದನ್ನು ನಿಮಗೆ ಓದಿ ಹೇಳಿದ್ದು ಯಾರು?"

"ನನ್ನ ಮಗಳು. ಇಂಗ್ಲಿಷ್ ಕಲಿತವಳು."

ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಕನ್ನಡಕ ತೆಗೆದು ಒರೆಸುತ್ತ ಅವರು ಹೇಳಿದರು: "ಸರಿಯಾಗಿಯೇ ಓದಿದ್ದಾಳೆ. ಎಂತ ಮಾಡುವುದು ಬಾಯಮ್ಮ, ಯುದ್ಧ ಬಂದ ಮೇಲೆ ಸರ್ಕಾರ ಕಾನೂನನ್ನೇ ಬದಲಿಸಿತು."

ಅದು ಅವರು ನನಗಾಗಿ ಹೇಳಿದ ಸುಳ್ಳು.

ಅಣ್ಣ ಬರಲಿಲ್ಲ. ಒಂದು ತಂತಿ ಬಂತು. ಎಲ್ಲಿ ಮಣ್ಣು ಮಾಡಿದರೆಂದು ಅದರಲ್ಲಿರಲಿಲ್ಲ.

"ಬರೆದುಕೊಟ್ಟ ಮಾತಿಗೆ ಸರ್ಕಾರ ತಪ್ಪಿತು ನೋಡು," ಎನ್ನುತ್ತಿದ್ದಳು ಮಾಯ್, ಗಂಜಿ ಬಡಿಸುವಾಗ, ಬಟ್ಟೆ ಹಿಂಡುವಾಗ.

"ಹೌದು ಮಾಯ್," ಎನ್ನುತ್ತಿದ್ದೆ.

ಕಳೆದ ವಾರ ಅವಳನ್ನು ಮಣ್ಣು ಮಾಡಿ ಬಂದು ಶಿಲುಬೆಯ ಹಿಂದೆ ಕೈಹಾಕಿದೆ. ಹಾಳೆ ಅಲ್ಲೇ ಇತ್ತು. ಒಲೆಯ ಮುಂದೆ ಕುಳಿತು ಗಟ್ಟಿಯಾಗಿ, ಪೂರ್ತಿ ಓದಿದೆ. ಮನೆಯಲ್ಲಿ ಯಾರೂ ಇರಲಿಲ್ಲ.