ರಂಜಿನಿ ಕಳಿಸಿದ ಬಡ್ಡಿ ಬಿಲ್ಲು

ಹೊಳೆನರಸೀಪುರ ದಾಟಿ ಹಾಸನದ ರಸ್ತೆ ಹಿಡಿದರೆ ಎಡಗಡೆಗೊಂದು ತಗಡಿನ ಶೆಡ್ಡು. ಅದರೊಳಗಿನಿಂದ ಪಟಪಟನೆ ಮೊಳೆ ಹೊಡೆಯುವ ಸದ್ದು ರಸ್ತೆಗೂ ಕೇಳುತ್ತದೆ. ಅದರ ಒಡತಿ ರಂಜಿನಿ. ಕಾರ್ಖಾನೆಗಳಲ್ಲಿ ಸರಕಿನ ರಾಶಿಯನ್ನು ಯಂತ್ರದಿಂದ ಎತ್ತಲು ಕೆಳಗಿಡುತ್ತಾರಲ್ಲ ಮರದ ಚೌಕಟ್ಟು, ಆ ಪ್ಯಾಲೆಟ್ ಮಾಡುವುದು ಅವಳ ಕಸುಬು.

ಕೊಣನೂರಿನ ಕೂಲಿ ಮನೆಯ ಮಗಳು. ಪಿಯುಸಿ ಮುಗಿಸಿ ಹಾಸನದ ಕಂಪನಿಯೊಂದರ ಪ್ಯಾಕಿಂಗ್ ವಿಭಾಗಕ್ಕೆ ಸೇರಿದ್ದಳು. ಅಲ್ಲಿ ಮುರಿದ ಪ್ಯಾಲೆಟ್‌ಗಳನ್ನು ಮೂಲೆಗೆ ಎಸೆಯುವುದನ್ನು ಕಂಡು, "ಇವನ್ನ ನಾನು ರಿಪೇರಿ ಮಾಡ್ಸಿಕೊಡ್ಲಾ ಸಾ?" ಎಂದು ಕೇಳಿದ್ದೇ ಶುರು. ಗಂಡ ನಟರಾಜು ಮರಗೆಲಸದವನು. ರಿಪೇರಿಯಿಂದ ಹೊಸದಕ್ಕೆ ಹೋದರು, ಬ್ಯಾಂಕಿನ ಸಾಲ ಸಿಕ್ಕಿತು, ಸಣ್ಣ ಉದ್ಯಮವೆಂದು ಸರ್ಕಾರದ ನೋಂದಣಿಯೂ ಆಯಿತು. ಕೆಲಸಕ್ಕೆ ಅಕ್ಕಪಕ್ಕದ ಊರಿನ ಹೆಂಗಸರು ಬಂದರು. ಮೊಳೆ ಹೊಡೆಯುವ ಗನ್ ಮೊದಲ ಸಲ ಕೈಗೆ ಬಂದ ದಿನ ಅವರೆಲ್ಲ ಸರದಿಯಲ್ಲಿ ನಿಂತು ಹೊಡೆದು ನೋಡಿ ನಕ್ಕಿದ್ದರಂತೆ.

ತೊಂದರೆ ಇದ್ದದ್ದು ಒಂದೇ. ತಾನು ಹಿಂದೆ ದುಡಿದ ಆ ಕಂಪನಿಯೇ ಈಗ ಅವಳ ದೊಡ್ಡ ಗಿರಾಕಿ, ಆದರೆ ಬಿಲ್ಲಿನ ಹಣ ಮಾತ್ರ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಫೋನ್ ಮಾಡಿದರೆ ಖರೀದಿ ಮ್ಯಾನೇಜರ್ ವರದರಾಜ ಬಹಳ ಮರ್ಯಾದೆಯಿಂದ, "ಪ್ರೋಸೆಸ್‌ನಲ್ಲಿದೆ ಕಣಮ್ಮ" ಎನ್ನುವರು. ಇತ್ತ ಸಾಮಿಲ್ಲಿನವನಿಗೆ ಮರದ ಬಾಕಿ, ಹೆಂಗಸರಿಗೆ ಶನಿವಾರದ ಸಂಬಳ. ಎರಡಕ್ಕೂ ರಂಜಿನಿ ಕೈಸಾಲ ಎತ್ತುತ್ತಿದ್ದಳು.

ಒಂದು ದಿನ ಲೆಕ್ಕಪತ್ರ ನೋಡುವ ಹಂಸ ಮೇಡಂ ಹಾಸನದ ತಮ್ಮ ಆಫೀಸಿನಲ್ಲಿ ಜಿಎಸ್‌ಟಿ ಎಷ್ಟು ಕಟ್ಟಬೇಕೆಂದು ಹೇಳಿದಾಗ ರಂಜಿನಿಗೆ ತಡೆಯಲಾಗಲಿಲ್ಲ.

"ಬರದೇ ಇರೋ ದುಡ್ಗೂ ತೆರಿಗೆ ಕಟ್ಬೇಕಾ ಮೇಡಂ? ಅವ್ರು ತಡ ಮಾಡಿದ್ರೆ ಅವ್ರಿಗೇನೂ ಇಲ್ವಾ?"

"ಇದೆಯಲ್ಲ ರಂಜಿನಿ. ಕಾನೂನೇ ಇದೆ," ಎಂದರು ಹಂಸ. ಸಣ್ಣ ಉದ್ಯಮದವರಿಂದ ಮಾಲು ಕೊಂಡವರು ಒಪ್ಪಂದದ ಗಡುವಿನಲ್ಲಿ ಹಣ ಕೊಡಬೇಕು. ಆ ಗಡುವು ನಲವತ್ತೈದು ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳು ತಿಂಗಳೂ ಚಕ್ರಬಡ್ಡಿ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂದ್ರೆ, ಹಿಂದೆ ನಾನು ಹೇಳಿದೋರು ಯಾರೂ ಬಡ್ಡಿ ಕೇಳೋಕೆ ಧೈರ್ಯ ಮಾಡ್ಲಿಲ್ಲ. ನನಗೂ ಬೇಜಾರಾಗಿತ್ತು."

ರಂಜಿನಿ ಕುರ್ಚಿಯಿಂದ ಎದ್ದೇ ಬಿಟ್ಟಳು. "ಈಗ್ಲೇ ಬಡ್ಡಿ ಸೇರ್ಸಿ ಬಿಲ್ಲು ಬರೀರಿ ಮೇಡಂ!"

ಮನೆಯಲ್ಲಿ ನಟರಾಜು ಬೆವತ. "ಬ್ಯಾಡ ಕಣಮ್ಮಿ. ಆರ್ಡರ್ ನಿಲ್ಸ್‌ಬುಟ್ರೆ ಎಲ್ಲಿಗ್ ಓಗಾನ?"

"ನಾವೇನು ಬಿಕ್ಷೆ ಕೇಳ್ತಿದ್ದೀವಾ? ನಾನ್ ಕೈಸಾಲಕ್ಕೆ ಬಡ್ಡಿ ಕಟ್ತಿಲ್ವಾ? ಅಂಗೇ ಇದೂವೆ," ಎಂದಳು. ಎದೆ ಅವಳದ್ದೂ ಡವಡವ ಎನ್ನುತ್ತಿತ್ತು. ಅದು ಹೆದರಿಕೆಯೋ ಹುರುಪೋ ತನಗೇ ತಿಳಿಯಲಿಲ್ಲ ಎಂದು ಆಮೇಲೆ ಹೇಳಿದಳು.

ಬಡ್ಡಿ ಸೇರಿಸಿದ ಬಿಲ್ಲು ಕಂಪನಿಗೆ ಮುಟ್ಟಿದ ವಾರದೊಳಗೇ ಆರ್ಡರ್ ನಿಂತಿತು. ಶೆಡ್ಡಿನ ಸದ್ದು ಅಡಗಿತು. ನಟರಾಜು ಬೈಯಲಿಲ್ಲ. ರಂಜಿನಿ ಎರಡು ಕೆಲಸ ಮಾಡಿದಳು. ಹಂಸ ಮೇಡಂ ಜೊತೆ ಕೂತು, ಬಾಕಿ ವಸೂಲಿಗೆಂದೇ ಇರುವ ಸರ್ಕಾರಿ ಮಂಡಳಿಗೆ ಆನ್‌ಲೈನಿನಲ್ಲಿ ದೂರು ಹಾಕಿದಳು. ಮರುದಿನ ಮಾದರಿಗೆಂದು ಒಂದು ಪ್ಯಾಲೆಟ್ಟನ್ನು ಗೂಡ್ಸ್ ಆಟೋಗೆ ಹೇರಿಕೊಂಡು ಚನ್ನರಾಯಪಟ್ಟಣಕ್ಕೆ ಹೊರಟಳು. ಅಲ್ಲಿ ತೆಂಗಿನಕಾಯಿ ಪುಡಿ ಮಾಡುವ ಕಾರ್ಖಾನೆಗಳಿವೆ. ಮೊದಲೆರಡು ಕಡೆ ಗೇಟಿನಲ್ಲೇ ವಾಪಸು ಕಳಿಸಿದರು. ಮೂರನೆಯದರ ಮಾಲೀಕ ಪರಮಶಿವಯ್ಯ ಪ್ಯಾಲೆಟ್ ಮೇಲೆ ಹತ್ತಿ ನಿಂತು, ಕುಣಿದು ನೋಡಿ, "ಗಟ್ಟಿಯಾಗೈತೆ. ದುಡ್ಡು ಯಾವಾಗ ಕೊಡ್ಬೇಕು?" ಎಂದರು.

"ತಿಂಗಳೊಳ್ಗೆ. ಗಡುವು ದಾಟಿದ್ರೆ ಕಾನೂನು ಬಡ್ಡಿ ಆಯ್ತದೆ ಸಾ. ಬಿಲ್ಲಲ್ಲೇ ಬರ್ದಿರ್ತೀನಿ."

ಅವರು ಗಟ್ಟಿಯಾಗಿ ನಕ್ಕರು. "ನಂಗೂ ಬೆಂಗಳೂರಿನೋರು ಹಿಂಗೇ ಸತಾಯಿಸ್ತಾರೆ ಕಣವ್ವ. ಅದ್ಯಾವ ಕಾನೂನು, ಕೂತ್ಕೊಂಡು ಹೇಳು."

ಟೀ ಬಂತು. ಆರ್ಡರೂ ಬಂತು. ಶೆಡ್ಡಿನಲ್ಲಿ ಗನ್ ಮತ್ತೆ ಪಟಪಟ ಎಂದಿತು.

ಇಷ್ಟರಲ್ಲಿ ದೂರಿನ ನೋಟಿಸು ಕಂಪನಿಗೆ ಮುಟ್ಟಿತ್ತು. ವರದರಾಜರೇ ಕರೆಸಿದರು. "ಅಸಲು ಇವತ್ತೇ ಹಾಕಿಸ್ತೀನಿ. ಬಡ್ಡಿ ಬಿಟ್ಟು ದೂರು ವಾಪಸ್ ತಗೊಂಡುಬಿಡಿ. ನನ್ನ ಸರ್ವೀಸಿನಲ್ಲೇ ಯಾರೂ ಬಡ್ಡಿ ಕೇಳಿಲ್ಲ."

"ಕೇಳಿದ್ರೆ ಕೊಡ್ತಿದ್ರೇನೋ ಸಾ," ಎಂದಳು ರಂಜಿನಿ. "ನಿಮ್ಮೇಲೆ ನಂಗೆ ಕ್ವಾಪ ಇಲ್ಲ. ನಂಗೆ ಮೊದಲ್ನೇ ಆರ್ಡರ್ ಕೊಟ್ಟೋರೇ ನೀವು. ಆದ್ರೆ ನಿಮ್ ದುಡ್ಡು ಬರೋಗಂಟ ನನ್ ಹೆಂಗಸ್ರು ಕಾಯಕ್ಕಾಗಲ್ಲ. ನಾ ಸಾಲ ಮಾಡಿ ಕೊಟ್ಟಿದ್ದೀನಿ. ಬಡ್ಡಿ ಬಿಡಲ್ಲ."

ವರದರಾಜ ನೋಟಿಸು ಹಿಡಿದು ತಾವೇ ಮೇಲಿನ ಮಹಡಿಗೆ ಹೋದರು. ಇಳಿದು ಬಂದು, "ಮೇಲಿನವರಿಗೆ ಹೇಳಿದ್ದೀನಿ. ನೋಡೋಣ," ಎಂದಷ್ಟೇ ಅಂದರು.

ಕೆಲವು ದಿನ ಏನೂ ಆಗಲಿಲ್ಲ. ಮರ ನೋಡಲು ಅರಕಲಗೂಡಿಗೆ ಹೋಗಿದ್ದ ರಂಜಿನಿ ಬಸ್ಸಿನಲ್ಲಿ ವಾಪಸಾಗುತ್ತಿದ್ದಾಗ ಮೊಬೈಲ್ ಟಿಣ್ ಎಂದಿತು. ಬ್ಯಾಂಕಿನ ಸಂದೇಶ. ಅಸಲೂ ಇತ್ತು, ಬಡ್ಡಿಯೂ ಇತ್ತು. ಮತ್ತೊಮ್ಮೆ ಓದಿದಳು.

"ಬಂದ್ಬುಡ್ತು! ಬಡ್ಡಿ ಸಮೇತ ಬಂದ್ಬುಡ್ತು!" ಎಂದು ಕೂಗಿದ ರಭಸಕ್ಕೆ ಡ್ರೈವರ್ ಬ್ರೇಕ್ ಒತ್ತಿದ. ಕಂಡಕ್ಟರ್ ಓಡಿ ಬಂದು, "ಏನಾಯ್ತಮ್ಮ, ಯಾರ್ ಬಂದ್ರು?" ಎಂದ. ಅವಳು ನಗುತ್ತ, ಅಳುತ್ತ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಅಜ್ಜಿಯನ್ನು ಅಪ್ಪಿಕೊಂಡಳು. ಅಜ್ಜಿ ಏನೂ ಕೇಳದೆ ಅವಳ ಬೆನ್ನು ಸವರಿದಳು.

ಕಂಪನಿ ಎರಡು ತಿಂಗಳಾದ ಮೇಲೆ ಮತ್ತೆ ಆರ್ಡರ್ ಕೊಟ್ಟಿತು. ಈಗ ಅವರ ಹಣ ಗಡುವಿನೊಳಗೇ ಬರುತ್ತದೆ. ಕೈಸಾಲ ತೀರಿತು. ಕಳೆದ ಸೋಮವಾರ ಬಾಗೂರಿನ ಸುವರ್ಣಮ್ಮ ಎಂಬಾಕೆ ಶೆಡ್ಡಿಗೆ ಬಂದಿದ್ದರು. ಅಂಗಡಿಗಳಿಗೆ ಬಟ್ಟೆ ಚೀಲ ಹೊಲಿದು ಕೊಡುವವರು. "ನಂಗೂ ಒಬ್ಬ ವರ್ಷದಿಂದ ಆಟ ಆಡಿಸ್ತಾವ್ನೆ. ನೀನ್ ಮಾಡಿದ್ದು ನಂಗೂ ಆಯ್ತದಾ?" ಎಂದರು.

"ನೋಂದಣಿ ಮಾಡ್ಸಿದ್ದೀರಾ ಅಕ್ಕ?"

"ಮಾಡ್ಸಿವ್ನಿ."

"ಅಂಗಾದ್ರೆ ಬನ್ನಿ, ಹಂಸ ಮೇಡಂ ಹತ್ರ ಹೋಗಾನ," ಎಂದು ರಂಜಿನಿ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.